ಎಡಗಾಲಿನ ಲಾಡ

ನಾನು ಮಾಡಬೇಕಾಗಿದ್ದುದು ಒಂದು ಸ್ಕ್ರೂ ಹಾಕಿ ಬಿಗಿಮಾಡುವುದು, ಅಷ್ಟೇ. ಹೆಸರುಕಾಳಿಗಿಂತ ಒಂದಿಷ್ಟು ದೊಡ್ಡದಿರುವ ಸ್ಕ್ರೂ. ಎರಡು ನಿಮಿಷದ ಕೆಲಸ. ಅದನ್ನು ನಾನು ಮಾಡಲಿಲ್ಲ. ಮರೆತೆ ಅಂತ ಹೇಳಿದರೆ ನೀವು ನಂಬುತ್ತೀರಿ. ಸೈಕಲ್ ಶಾಪಿನವರು ಮರೆಯುವುದು ಹೊಸದೇನಲ್ಲ. ಆದರೆ ನಾನು ಮರೆತಿರಲಿಲ್ಲ. ಸ್ಕ್ರೂ ಇಲ್ಲ ಅಂತ ಗೊತ್ತಿತ್ತು. ಇಲ್ಲದಿದ್ದರೆ ಏನಾಗುತ್ತದೆ ಅಂತ ಗೊತ್ತಿತ್ತು. ಬೆಳಿಗ್ಗೆ ನನ್ನ ತಂಗಿ ಶೋಭಾ ಅದೇ ಶೂ ಹಾಕಿಕೊಂಡು ಹೊರಡುತ್ತಾಳೆ ಅಂತಲೂ ಗೊತ್ತಿತ್ತು.

ಇದೆಲ್ಲ ಮತ್ತೆ ಮೇಲೆ ಬಂದದ್ದು ಬ್ಯಾಂಕಿನ ಸಾಹೇಬರೊಬ್ಬರಿಂದ. ನಮ್ಮ ನಂಜನಗೂಡಿಗೂ ಈಗ ಗೇರಿನ ಸೈಕಲ್‌ಗಳು ಬಂದಿವೆ. ಡಾಕ್ಟರು ಹೊಟ್ಟೆ ಕರಗಿಸಿ ಅಂದ ಮೇಲೆ ಇವರೂ ಒಂದು ತಂದಿದ್ದರು. ಮೈಗಂಟಿದ ಚಡ್ಡಿ ಹಾಕಿಕೊಂಡು ಬಂದು, ಅದಕ್ಕೆ ನಾಚಿಕೆಯಾಗಿ ಟವೆಲ್ ಸುತ್ತಿಕೊಂಡು, "ಏನಮ್ಮ, ಪ್ಲೇನ್ ಪೆಡಲ್ ಇರ್ಲೋ, ಬೆಲ್ಟಿಂದು ಹಾಕಿಸ್ಲೋ, ಶೂ ಕಚ್ಕೊಳ್ಳೋ ಪೆಡಲ್ಲೋ?" ಅಂದರು.

"ಪ್ಲೇನೇ ಸಾಕು ಸಾ" ಅಂದೆ.

ಅವರಿಗೆ ಅವಮಾನವಾಯಿತು. ಶೂ ಆಗಲೇ ತಂದಿದ್ದರು, ಚೀಲದಿಂದ ತೆಗೆದು ತೋರಿಸಿದರು. ನಾನು ಅದನ್ನು ಬೋರಲು ಹಾಕಿ, ಅಡಿಯಲ್ಲಿದ್ದ ಸ್ಕ್ರೂಗಳಿಗೆ ಕೀ ಹಾಕಿ ತಿರುಗಿಸಿದೆ. ಬಿಗಿಯಾಗಿಯೇ ಇದ್ದವು. ಮತ್ತೆ ತಿರುಗಿಸಿದೆ. ಮೂರನೇ ಸಲ ತಿರುಗಿಸುವಾಗ, "ಮುರಿದಾಕ್ಬುಟ್ಟೀಯಮ್ಮ" ಅಂತ ಕೈಯಿಂದ ಕಿತ್ತುಕೊಂಡರು. ಆಮೇಲೆ ಪಕ್ಕದ ಟೀ ಅಂಗಡಿಯಲ್ಲಿ, "ಆಯಮ್ಮನ ಕೆಲಸ ಅಂದ್ರೆ ಕೆಲಸ ಕಣ್ರೀ, ಒಂದ್ಸಲಕ್ಕೆ ಮೂರ್ಸಲ ನೋಡ್ತದೆ" ಅಂತ ಹೊಗಳಿದರಂತೆ. ಊರಿನವರು ನನ್ನನ್ನು ಬಹಳ ಜೋಪಾನದ ಹೆಂಗಸು ಅಂದುಕೊಂಡಿದ್ದಾರೆ.

ಪೆಡಲ್ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಓದಿದ್ದೆಲ್ಲ ಮರೆತಿದ್ದೇನೆ, ಪೆಡಲ್ ಮಾತ್ರ ಬಾಯಿಪಾಠ. ನಮ್ಮ ಕರಿ ಸೈಕಲ್‌ಗಳಿಗೆಲ್ಲ ರಬ್ಬರಿನದು. ರಬ್ಬರು ಸವೆದು ಉದುರಿಹೋದ ಮೇಲೆ ಒಳಗಿನ ಕಬ್ಬಿಣದ ಸರಳೊಂದೇ ಉಳಿಯುತ್ತದೆ. ಕಳಲೆಯಿಂದ ಹಾಲು ತರುತ್ತಿದ್ದ ಒಬ್ಬರು ಅಂಥ ಸರಳನ್ನೇ ಎಷ್ಟೋ ವರ್ಷ ತುಳಿದರು. ಹೊಸದು ಹಾಕಿಕೊಡ್ತೀನಿ ಅಂದರೆ, "ಬ್ಯಾಡ ಬುಡವ್ವ, ಕಾಲೇ ಒಗ್ಗೋಗದೆ" ಅಂತ ಅಂಗಾಲು ಎತ್ತಿ ತೋರಿಸುತ್ತಿದ್ದರು. ನಿಜ, ಅಡ್ಡಕ್ಕೆ ಒಂದು ಕಾಲುವೆ ಬಿದ್ದಿತ್ತು. ಆಮೇಲೆ ಹಲ್ಲಿರುವ ಕಬ್ಬಿಣದ ಪೆಡಲು. ಚಪ್ಪಲಿಯನ್ನು ಬಿಡದೆ ಹಿಡಿಯುತ್ತದೆ, ಜಾರಿದರೆ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಬಿಡುವುದಿಲ್ಲ. ಅದರ ಮುಂದಕ್ಕೆ ಬೆರಳು ತೂರಿಸಲು ಬುಟ್ಟಿ ಕಟ್ಟಿ ಮೇಲೆ ಬೆಲ್ಟು ಬಿಗಿದರೆ ರೇಸಿನವರ ಪೆಡಲು. ಎಲ್ಲಕ್ಕಿಂತ ಮೇಲೆ ಶೂ ಕಚ್ಚುವ ಪೆಡಲು. ಶೂ ಅಡಿಯಲ್ಲಿ ಲೋಹದ ತುಂಡೊಂದು ಇರುತ್ತದೆ. ತುಳಿದರೆ ಟಕ್ ಅಂತ ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಅಪ್ಪ ಆ ತುಂಡನ್ನು ಮೊದಲ ಸಲ ನೋಡಿದಾಗ, "ಇದೇನಮ್ಮಿ, ಎತ್ತಿಗೆ ಹೊಡ್ಯೋ ಲಾಡ ಇದ್ದಂಗದೆ!" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಲಾಡದ ಶೂ.

ಅಪ್ಪನ ಶಾಪು ಬಜಾರ್ ರಸ್ತೆಯಲ್ಲಿತ್ತು, ಈಗ ನಾನು ಕೂತಿರುವುದೂ ಅಲ್ಲೇ. ಗಂಡುಮಕ್ಕಳಿರಲಿಲ್ಲ. ಅಪ್ಪನಿಗೆ ಉಬ್ಬಸ, ಪಂಪು ಹೊಡೆದರೆ ಟ್ಯೂಬಿಗಿಂತ ಮೊದಲು ಅವರ ಎದೆ ಉಬ್ಬುತ್ತಿತ್ತು. ಹಾಗಾಗಿ ದೊಡ್ಡವಳಾದ ನಾನು ಸ್ಕೂಲು ಬಿಟ್ಟು ಪಂಪು ಹಿಡಿದೆ. ಅಪ್ಪನದು ಒಂದು ಪದ್ಧತಿ. ರಿಪೇರಿ ಮುಗಿದ ಮೇಲೆ, ಕೈ ಹಾಕಿದವರು ಸೈಕಲನ್ನು ಒಂದು ಸುತ್ತು ಓಡಿಸಿಕೊಂಡು ಬಂದು, ಸೀಟಿಗೆ ಎರಡು ಏಟು ಹೊಡೆದು "ಆಯ್ತು" ಅನ್ನಬೇಕು. ಹಾಗಂದರೆ ಎಲ್ಲ ನೋಡಿದ್ದೇನೆ, ಇನ್ನು ಧೈರ್ಯವಾಗಿ ಹತ್ತಿ ಅಂತ. ಆ ಎರಡು ಏಟು ಬೀಳುವ ತನಕ ಗಿರಾಕಿಗಳು ಹ್ಯಾಂಡಲ್ ಮುಟ್ಟುತ್ತಿರಲಿಲ್ಲ.

ಪೆಡಲ್ ಬಿಚ್ಚುವುದನ್ನು ಕಲಿಸುವಾಗ ಅಪ್ಪ ಹೇಳಿದ್ದರು: "ಎಡಗಡೇದು ಉಲ್ಟಾ ಕಣಮ್ಮಿ. ಬೇರೆದೆಲ್ಲ ಬಿಗಿಯಾಗೋ ದಿಕ್ಕಿಗೆ ಇದು ಸಡಿಲ ಆಯ್ತದೆ." ನನ್ನ ಸ್ವಭಾವವೂ ಎಡಗಡೆ ಪೆಡಲಿನದೇ ಇರಬೇಕು. ಮನೆಯವರೆಲ್ಲ ಹಿಗ್ಗುವ ವಿಷಯಕ್ಕೆ ನಾನು ಒಳಗೇ ಕುಗ್ಗುತ್ತಿದ್ದೆ.

ಆ ವಿಷಯ ಅಂದರೆ ಶೋಭಾ. ಅವಳಿಗೆ ಸೈಕಲ್ ಕಲಿಸಿದವಳು ನಾನೇ. ದೊಡ್ಡ ಸೈಕಲಿನ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ತುಳಿಯುವುದನ್ನು, ಆಮೇಲೆ ಕಂಬಿಯ ಮೇಲೆ ಹತ್ತುವುದನ್ನು, ಸೀಟು ಹಿಡಿದು ಹಿಂದೆ ಓಡಿ ಓಡಿ ಕಲಿಸಿದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ವರ್ಷ, ನನಗೆ ಹದಿನೇಳು, ಅವಳಿಗೆ ಹದಿನಾಲ್ಕು. ನಾನು ಒಂದು ರಿಪೇರಿ ಸೈಕಲ್ಲನ್ನು ಸುತ್ತು ಹೊಡೆಸಿಕೊಂಡು ಜೋರಾಗಿ ಬಂದು ಶಾಪಿನ ಮುಂದೆ ನಿಲ್ಲಿಸಿದೆ. ಶೋಭಾಳ ಸ್ಕೂಲಿನ ಪಿ.ಟಿ. ಮೇಷ್ಟ್ರು ಪಂಚರ್ ಹಾಕಿಸಲು ನಿಂತಿದ್ದವರು ನನ್ನನ್ನೇ ನೋಡುತ್ತಿದ್ದರು.

"ಯಾರಮ್ಮ ನೀನು? ಏನು ಸ್ಪೀಡು! ಯಾವ ಸ್ಕೂಲು?"

"ಸ್ಕೂಲು ಬಿಟ್ಟಿವ್ನಿ ಸಾ."

"ಓ" ಅಂದರು.

ಆ "ಓ" ಇನ್ನೂ ನನ್ನ ಕಿವಿಯಲ್ಲಿದೆ. ಅವರ ತಪ್ಪೇನಿಲ್ಲ, ಜಿಲ್ಲಾ ಆಯ್ಕೆಗೆ ಸ್ಕೂಲಿನ ಹುಡುಗಿಯರೇ ಬೇಕಿತ್ತು. ಒಳಗೆ ಲೆಕ್ಕ ಬಿಡಿಸುತ್ತಾ ಕೂತಿದ್ದ ಶೋಭಾಳ ಕಡೆ ಕೈ ತೋರಿಸಿ, "ಇವಳು ನಿನ್ನ ತಂಗಿನಾ? ಇವಳೂ ಹಿಂಗೇ ಓಡಿಸ್ತಾಳಾ?" ಅಂದರು. ನಾನೇ ಹೂಂ ಅಂದೆ.

ಅಲ್ಲಿಂದ ಶುರುವಾಯಿತು ನೋಡಿ. ಸ್ಕೂಲಿನಿಂದ ಹ್ಯಾಂಡಲ್ ಬಾಗಿದ ರೇಸ್ ಸೈಕಲ್ ಬಂತು. ಬೆಳಿಗ್ಗೆ ಎದ್ದು ಹುಲ್ಲಹಳ್ಳಿ ತನಕ ಹೋಗಿ ಬರುವುದು, ರಜೆ ಇದ್ದರೆ ಟಿ. ನರಸೀಪುರದ ಸೋದರತ್ತೆ ಮನೆಗೆ ತುಳಿದುಕೊಂಡು ಹೋಗಿ ಊಟ ಮಾಡಿ ಬರುವುದು. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು; ಓದು, ಊಟ, ಬಟ್ಟೆ ಎಲ್ಲ ಅವರದೇ. ದಿನಾ ಅವಳಿಗೆ ಎರಡು ಬೇಯಿಸಿದ ಮೊಟ್ಟೆ. ಸುಲಿದುಕೊಡುವ ಕೆಲಸ ನನ್ನದು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಸಿಪ್ಪೆಯ ಜೊತೆ ಬೇಕಂತಲೇ ಅರ್ಧ ಬಿಳಿಭಾಗ ಕಿತ್ತುಹಾಕುತ್ತಿದ್ದೆ. ಶೋಭಾ, "ಅಕ್ಕಾ, ನಿಂಗೆ ಸುಲಿಯಕ್ಕೇ ಬರಲ್ಲ ಕಣೆ" ಅಂತ ನಕ್ಕು ಉಳಿದದ್ದನ್ನು ತಿನ್ನುತ್ತಿದ್ದಳು. ಸಾಯಂಕಾಲ ಅವ್ವ ಅವಳ ಕಾಲು ತೊಡೆಯ ಮೇಲಿಟ್ಟುಕೊಂಡು ಹರಳೆಣ್ಣೆ ತಿಕ್ಕುತ್ತಿದ್ದಳು. ಅವಳ ಕಾಲಿಗೆ ಹರಳೆಣ್ಣೆ, ನನ್ನ ಕಾಲಿಗೆ ಗ್ರೀಸು.

ಆಯ್ಕೆಗೆ ಒಂದು ತಿಂಗಳಿರುವಾಗ ಮೇಷ್ಟ್ರು ಎರಡು ಜೊತೆ ಪೆಡಲ್ ತಂದರು. ಒಂದು ಬುಟ್ಟಿಯದು. ಇನ್ನೊಂದು ಲಾಡದ್ದು, ಅದರ ಜೊತೆ ಶೂ. ಮೈಸೂರಿನಲ್ಲಿ ರೇಸ್ ಬಿಟ್ಟವರೊಬ್ಬರು ಕೊಟ್ಟಿದ್ದಂತೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸ್ಕ್ರೂ ಜಾಸ್ತಿ, ಅವನ್ನು ಬಿಗಿಮಾಡಲು ಒಂದು ಬಾಗಿದ ಕೀ. ಯಾವುದು ಹಾಕುವುದು ಅಂತ ಶಾಪಿನಲ್ಲಿ ಪಂಚಾಯಿತಿಯೇ ನಡೆಯಿತು.

"ಬುಟ್ಟೀದೇ ಹಾಕು" ಅಂದರು ಅಪ್ಪ. "ಕಾಲು ಇಂದಕ್ಕೆ ಎಳುದ್ರೆ ಬತ್ತದೆ. ಲಾಡ ಹೊಡ್ಸಕ್ಕೆ ನನ್ ಮಗಳೇನು ಎತ್ತಾ?"

"ಅಕ್ಕ ಏನಂತಾಳೋ ಅದು" ಅಂದಳು ಶೋಭಾ.

ನಾನು ಅವತ್ತು ನಿಜವನ್ನೇ ಹೇಳಿದೆ. ಬುಟ್ಟಿಯದರಲ್ಲಿ ಬೆಲ್ಟು ಸಡಿಲ ಬಿಟ್ಟರೆ ಕಾಲು ಅಲುಗುತ್ತದೆ, ಬಿಗಿದರೆ ಬಗ್ಗಿ ಕೈಯಲ್ಲೇ ಬಿಚ್ಚಬೇಕು. ಲಾಡದ್ದಾದರೆ ಕಾಲು ಎತ್ತುವಾಗಲೂ ಸೈಕಲ್ ಮುಂದಕ್ಕೆ ಹೋಗುತ್ತದೆ, ಹಿಮ್ಮಡಿ ತಿರುಗಿಸಿದರೆ ಬಿಡುತ್ತದೆ. ಅದೇ ಒಳ್ಳೆಯದು ಅಂದೆ. ಮೇಷ್ಟ್ರು ತಲೆ ಆಡಿಸಿದರು. ಶೋಭಾ ಶೂ ಹಾಕಿಕೊಂಡಳು. ದೊಡ್ಡದಾಯಿತು. ಬೆರಳ ಕಡೆ ಅವ್ವನ ಹಳೇ ಸೀರೆಯ ಚೂರು ತುರುಕಿದೆವು.

ಎಲ್ಲರೂ ಆಕಡೆ ಹೋದ ಮೇಲೆ ನಾನೊಂದು ಸಲ ಕಾಲು ತೂರಿಸಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಅದು ದೊಡ್ಡ ಸಂಕಟ ಸ್ವಾಮಿ. ಚೆಂದದ ಸೀರೆ ಬೇರೆಯವರು ಉಟ್ಟರೆ ಹೊಟ್ಟೆ ಉರಿಯುವುದು ಒಂದು ಬಗೆ. ನನ್ನ ಕಾಲಿಗೇ ಮಾಡಿದಂತಿದ್ದ ಶೂಗೆ ಬಟ್ಟೆ ತುರುಕಿ ಇನ್ನೊಬ್ಬಳು ಹಾಕಿಕೊಳ್ಳುವುದನ್ನು ನೋಡುವುದು ಬೇರೆಯೇ ಬಗೆ. ದಿನಾ ನಾನೇ ಅದನ್ನು ಒರೆಸಿ ಇಡುತ್ತಿದ್ದೆ.

ಆಯ್ಕೆಗೆ ನಾಲ್ಕು ದಿನ ಇತ್ತು. ಶೋಭಾ ಸ್ಕೂಲಿಗೆ ಹೋಗಿದ್ದಳು, ಅಪ್ಪ ಸಾಮಾನು ತರಲು ಮೈಸೂರಿಗೆ ಹೋಗಿದ್ದರು. ಮಧ್ಯಾಹ್ನ ಶಾಪಿನ ಬಾಗಿಲು ಎಳೆದು, ಸೀರೆಯ ಚೂರು ತೆಗೆದು, ಶೂ ಹಾಕಿಕೊಂಡು, ಲಂಗ ಎತ್ತಿಕಟ್ಟಿ ರೇಸ್ ಸೈಕಲ್ ಹತ್ತಿದೆ. ಕಳಲೆ ರಸ್ತೆ ಹಿಡಿದೆ. ಹೇಗೆ ಹೇಳಲಿ? ಅಲ್ಲಿಯ ತನಕ ನಾನು ಸೈಕಲ್ ತುಳಿದಿದ್ದೆ. ಅವತ್ತು ಸೈಕಲ್ಲೇ ನನ್ನ ಕಾಲಾಯಿತು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ತಲೆ ಎತ್ತಿ, "ಯಾರ್ ಮಗಳಮ್ಮಿ ಅದು!" ಅಂದದ್ದು ಗಾಳಿಯಲ್ಲಿ ಅರ್ಧ ಕೇಳಿಸಿತು. ನಾನು ಒಂದು ಗಂಟೆ ಹೊತ್ತು ಯಾರ ಮಗಳೂ ಆಗಿರಲಿಲ್ಲ, ಯಾರ ಅಕ್ಕನೂ ಆಗಿರಲಿಲ್ಲ.

ಶಾಪಿನ ಮುಂದೆ ಬಂದು ಬ್ರೇಕ್ ಹಿಡಿದೆ. ಬಲಗಾಲು ಟಕ್ ಅಂತ ಬಂತು. ಎಡಗಾಲಿನ ಹಿಮ್ಮಡಿ ತಿರುಗಿಸಿದೆ, ಬರಲಿಲ್ಲ. ಮತ್ತೆ ತಿರುಗಿಸಿದೆ. ಶೂ ತಿರುಗುತ್ತಿದೆ, ಪೆಡಲು ಬಿಡುತ್ತಿಲ್ಲ. ಲೈಟು ಕಂಬ ಹತ್ತಿರವಿತ್ತು, ತಬ್ಬಿಕೊಂಡು ನಿಂತೆ. ಲೇಸು ಸಡಿಲಿಸಿ ಕಾಲನ್ನು ಶೂನಿಂದ ಎಳೆದುಕೊಂಡು, ಕೂತು, ಲಾಡವನ್ನು ಮೀಟಿ ಶೂ ಬಿಡಿಸಿ ನೋಡಿದೆ. ಲಾಡವನ್ನು ಹಿಡಿದಿದ್ದ ಎರಡು ಸ್ಕ್ರೂಗಳಲ್ಲಿ ಒಂದು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಇನ್ನೊಂದು ಸಡಿಲವಾಗಿತ್ತು. ಕಾಲು ತಿರುಗಿದರೂ ಲಾಡ ತಿರುಗುತ್ತಿರಲಿಲ್ಲ, ಪೆಡಲನ್ನು ಕಚ್ಚಿಕೊಂಡೇ ಇರುತ್ತಿತ್ತು.

ಕವರಿನಲ್ಲಿ ಜಾಸ್ತಿ ಸ್ಕ್ರೂ ಇದ್ದವಲ್ಲ. ಸಾಯಂಕಾಲ ಕೀ ತೆಗೆದುಕೊಂಡು ಶೂ ತೊಡೆಯ ಮೇಲಿಟ್ಟುಕೊಂಡೆ. ಶಾಪಿನ ಹಿಂದೆಯೇ ಮನೆ. ಒಳಗೆ ಅವ್ವ ಎಣ್ಣೆ ತಿಕ್ಕುತ್ತಾ ಶೋಭಾಗೆ ಹೇಳುತ್ತಿದ್ದಳು: "ನಮ್ಮನೆ ಹೆಸರು ನಿನ್ನಿಂದ್ಲೇ ಆಗಬೇಕು ಕಣಮ್ಮಿ. ಮಂಜಿದೇನು ಬುಡು, ಶಾಪ್ ನೋಡ್ಕಂಡು ಬಿದ್ದಿರ್ತಾಳೆ."

ಮಂಜಿ ಅಂದರೆ ನಾನು, ಮಂಜುಳ. ಅವ್ವ ಕೆಟ್ಟದ್ದಕ್ಕೆ ಹೇಳಿದ್ದಲ್ಲ. ನಾನು ಶಾಪ್ ನೋಡಿಕೊಂಡು ಬಿದ್ದಿದ್ದೆನಲ್ಲ, ಸುಳ್ಳೇನಿಲ್ಲ. ಕೀಯನ್ನು ಮತ್ತೆ ಮೊಳೆಗೆ ನೇತುಹಾಕಿದೆ. ಶೂಗೆ ಸೀರೆಯ ಚೂರು ತುರುಕಿ ಅದರ ಜಾಗದಲ್ಲಿ ಇಟ್ಟೆ.

ಕದ್ದು ಓಡಿಸಿದ್ದು ಗೊತ್ತಾಗುತ್ತದೆಂಬ ಭಯಕ್ಕೆ ಸುಮ್ಮನಾದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಸ್ಕ್ರೂ ಹಾಕಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಯಾರಿಗೂ ಇಲ್ಲ. ಕೈ ಮುರಿಯಲಿ ಅಂತ ಖಂಡಿತ ಬಯಸಲಿಲ್ಲ. ಒಂದೇ ಒಂದು ಸಲ ಬೀಳಲಿ, ಯಾರಾದರೂ ನೋಡಿ ನಗಲಿ, ಅವಳ ಬಗ್ಗೆಯೂ ಯಾರಾದರೂ "ಓ" ಅನ್ನಲಿ, ಅಷ್ಟು ಬಯಸಿದೆ.

ಮಾರನೇ ದಿನ ರಜೆ. ಬೆಳಿಗ್ಗೆ ಶೋಭಾ ನರಸೀಪುರಕ್ಕೆ ಹೊರಟಳು. ಲೇಸು ಕಟ್ಟುತ್ತಾ, "ಅಕ್ಕಾ, ಎಲ್ಲಾ ನೋಡ್ದಾ?" ಅಂದಳು.

ನಾನು ಸೀಟಿಗೆ ಎರಡು ಏಟು ಹೊಡೆದು "ಆಯ್ತು" ಅಂದೆ.

ಮಧ್ಯಾಹ್ನ ಪ್ರೈವೇಟ್ ಬಸ್ಸಿನಲ್ಲಿ ಸೋದರತ್ತೆಯ ಗಂಡ ಅವಳನ್ನು ಕರೆದುಕೊಂಡು ಬಂದರು. ಎಡಗೈಯನ್ನು ಟವೆಲಿನಲ್ಲಿ ಕಟ್ಟಿ ಕೊರಳಿಗೆ ಹಾಕಿತ್ತು, ಎಡಗಾಲು ಬರಿಗಾಲು. ನರಸೀಪುರದ ಬಸ್‌ಸ್ಟ್ಯಾಂಡ್ ಹತ್ತಿರ ಕಬ್ಬಿನ ಗಾಡಿಯೊಂದು ಅಡ್ಡ ಬಂದಾಗ ಬ್ರೇಕ್ ಹಿಡಿದಳಂತೆ. ಎಡಗಾಲು ಬಿಡದೆ, ನಿಂತ ಸೈಕಲ್ ಸಮೇತ ಹಾಗೇ ಎಡಕ್ಕೆ ಮಗುಚಿಕೊಂಡಳಂತೆ. ಸುತ್ತ ಇದ್ದವರು ಮೊದಲು ನಕ್ಕರಂತೆ, ಆಮೇಲೆ ಓಡಿಬಂದು ಎತ್ತಿದರಂತೆ. ನಾನು ಬಯಸಿದ್ದೆಲ್ಲ ಒಂದೂ ಬಿಡದೆ ಆಗಿತ್ತು, ಮೇಲೊಂದು ಮೂಳೆಯೂ ಮುರಿದಿತ್ತು. ಬಸ್ಸಿನ ಟಾಪಿನಿಂದ ಸೈಕಲ್ ಇಳಿಸಿದರು. ಎಡಗಡೆ ಪೆಡಲಿಗೆ ಶೂ ಇನ್ನೂ ಕಚ್ಚಿಕೊಂಡೇ ಇತ್ತು.

ಎಲ್ಲರೂ ಆಸ್ಪತ್ರೆಗೆ ಹೋದರು. ನಾನು ಶಾಪ್ ನೋಡಿಕೊಳ್ಳುತ್ತೇನೆ ಅಂದೆ. ಅವರು ಅತ್ತ ಹೋದ ಕೂಡಲೇ ಶೂ ಬಿಡಿಸಿ, ಹೊಸ ಸ್ಕ್ರೂ ಹಾಕಿ, ಎರಡನ್ನೂ ಬಿಗಿಮಾಡಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಮಾರನೇ ದಿನ ಅಪ್ಪ ಶೂವನ್ನು ಕೈಗೆ ತೊಟ್ಟು ಪೆಡಲಿಗೆ ಒತ್ತಿ ತಿರುಗಿಸಿ ನೋಡಿದರು. ಟಕ್ ಅಂತ ಬಂತು. ಇನ್ನೊಂದು ಸಲ, ಅದೂ ಬಂತು.

"ಸರಿಯಾಗೇ ಅದಲ್ಲಮ್ಮಿ?"

"ನಾನ್ ತಿರುಗಿಸ್ದೆ ಕಣಪ್ಪಾ" ಅಂದಳು ಶೋಭಾ, ಪ್ಲಾಸ್ಟರ್ ಹಾಕಿದ್ದ ಕೈ ಹಿಡಿದುಕೊಂಡು. "ಎರಡ್ಸಲ ತಿರುಗಿಸ್ದೆ."

"ಗಾಬ್ರಿ ಬಿದ್ದು ಒಳಕ್ಕೆ ತಿರುಗ್ಸಿದ್ದೀಯೇನೋ ಬುಡು."

ಮೇಷ್ಟ್ರು ಬಂದರು. ಬಯ್ಯಲಿಲ್ಲ. "ಗಾಬರಿ ಬೀಳೋರಿಗೆ ಈ ಪೆಡಲ್ ಆಗಲ್ಲಮ್ಮ, ಮುಂದಿನ ವರ್ಷ ನೋಡೋಣ" ಅಂದು ಪೆಡಲು, ಶೂ, ಕವರು ಎಲ್ಲ ತೆಗೆದುಕೊಂಡು ಹೋದರು. ಆಯ್ಕೆಯ ದಿನ ಶೋಭಾ ಮನೆಯ ಜಗಲಿಯ ಮೇಲೆ ಕೂತು ಬಲಗೈಯಲ್ಲಿ ಅಕ್ಕಿ ಆರಿಸಿದಳು. "ನಾನ್ ಎದ್ರುಬುಟ್ಟೆ ಅನ್ಸತ್ತೆ ಕಣಕ್ಕ" ಅಂದಳು. ಕೆಲವು ತಿಂಗಳಲ್ಲಿ ಆ "ಅನ್ಸತ್ತೆ" ಬಿದ್ದುಹೋಯಿತು. ನಾನ್ ಎದ್ರುಬುಟ್ಟೆ ಅಂತಲೇ ಹೇಳತೊಡಗಿದಳು. ಮುಂದಿನ ವರ್ಷ ಬರೀ ರಬ್ಬರ್ ಪೆಡಲಿನಲ್ಲೇ ಓಡಿಸಿ ನೋಡಿದಳು. ಎದುರಿಗೆ ದೂರದಲ್ಲಿ ಒಂದು ಎಮ್ಮೆ ಕಂಡರೂ ಕಾಲು ಕೆಳಗಿಡುತ್ತಿದ್ದಳು. ಆಮೇಲೆ ಬಿಟ್ಟಳು.

ನನಗೆ ಏನು ಸಿಕ್ಕಿತು ಅಂತ ಕೇಳಬೇಡಿ. ಮೊಟ್ಟೆ ಸುಲಿಯುವ ಕೆಲಸ ತಪ್ಪಿತು.

ಶೋಭಾಳನ್ನು ಟಿ. ನರಸೀಪುರಕ್ಕೇ ಕೊಟ್ಟರು. ಗಂಡ ಒಳ್ಳೆಯವರು, ಅಕ್ಕಿ ಮಿಲ್ಲಿನಲ್ಲಿ ಕೆಲಸ. ಅವಳು ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಎಲ್ಲಿಗೆ ಹೋದರೂ ನಡೆದೇ ಹೋಗುತ್ತಾಳೆ. ಗಂಡ ಸ್ಕೂಟರ್ ಕಲಿಸಿಕೊಡ್ತೀನಿ ಅಂದರೆ, "ನಾನು ಎದ್ರುಪುಕ್ಲಿ ಕಣ್ರೀ, ನಮ್ಮಕ್ಕನ್ನ ಕೇಳಿ ಬೇಕಾದ್ರೆ" ಅನ್ನುತ್ತಾಳಂತೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಬ್ಯಾಂಕಿನ ಸಾಹೇಬರು ಶೂ ಕಿತ್ತುಕೊಂಡು ಹೋದ ಮುಂದಿನ ಭಾನುವಾರ ನರಸೀಪುರಕ್ಕೆ ಹೋದೆ. ಅವಳ ಮಗಳು ಚೈತ್ರಾಗೆ ಏಳು ವರ್ಷ. ಅವಳಿಗೆಂದು ಶಾಪಿನಲ್ಲಿ ಒಂದು ಚಿಕ್ಕ ಸೈಕಲ್ ಜೋಡಿಸಿಟ್ಟಿದ್ದೆ. ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ ಹಿತ್ತಲಲ್ಲಿ ನಿಲ್ಲಿಸಿ ಹತ್ತಿಸಿದೆ. ಮಗು ಎರಡು ಮಾರು ಹೋಯಿತು, ಚೆನ್ನಾಗಿಯೇ ಹೋಯಿತು, ಕಾಲು ಊರಿ ಇಳಿದುಬಿಟ್ಟಿತು.

"ನಂಗೆ ಬ್ಯಾಡ ದೊಡ್ಡಮ್ಮ."

"ಯಾಕವ್ವ? ಬಂತಲ್ಲ ನಿಂಗೆ!"

"ನಮಗೆ ಗಾಬ್ರಿ ಜಾಸ್ತಿ. ನಂಗೂ, ಅಮ್ಮಂಗೂ. ಅಮ್ಮ ಹೇಳವ್ಳೆ."

ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಶೋಭಾ ನಕ್ಕಳು. "ಬುಡಕ್ಕ, ಬಲವಂತ ಮಾಡ್ಬ್ಯಾಡ. ನನ್ ಮಗಳಲ್ವಾ, ಇನ್ನೇನು ಆಯ್ತದೆ?"

ಅವಳು ಅದನ್ನು ಬೇಜಾರಿಲ್ಲದೆ ಹೇಳಿದಳು, ಮಗಳ ಮೂಗು ತನ್ನ ಮೂಗಿನ ಹಾಗಿದೆ ಅನ್ನುವಂತೆ. ನಾನು ಹೋಗಿ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ಶೋಭಾ, ಅವತ್ತು ನೀನು ಎದರ್ನಿಲ್ಲ."

"ಯಾವತ್ತು?"

"ಬಸ್‌ಸ್ಟ್ಯಾಂಡ್ ತಾವ ಬಿದ್ದೆಯಲ್ಲ. ನೀನು ಕಾಲು ಸರಿಯಾಗೇ ತಿರುಗಿಸ್ದೆ. ಶೂನೇ ಸರಿ ಇರ್ನಿಲ್ಲ. ಒಂದು ಸ್ಕ್ರೂ ಬಿದ್ದೋಗಿತ್ತು."

"ಸುಮ್ಕಿರಕ್ಕ. ಅಪ್ಪ ನನ್ನ ಮುಂದೇನೇ ತಿರುಗಿಸಿ ನೋಡುದ್ರು."

"ಅಪ್ಪ ನೋಡಕ್ಕೆ ಮುಂಚೆ ನಾನು ಹಾಕ್ಬುಟ್ಟಿದ್ದೆ. ನೀವೆಲ್ಲ ಆಸ್ಪತ್ರೇಲಿದ್ರಿ."

ಅವಳ ಕೈಯಲ್ಲಿ ಅರ್ಧ ಬಿಡಿಸಿದ ಕಾಯಿ ಹಾಗೇ ನಿಂತಿತು. ಮಗು ಹಿತ್ತಲಲ್ಲಿ ಸೈಕಲಿನ ಬೆಲ್ಲು ಹೊಡೆಯುತ್ತಿತ್ತು.

"ನಾನು ಒಂಟೋಗಕ್ಕೆ ಮುಂಚೇನೇ ಗೊತ್ತಿತ್ತಾ ನಿಂಗೆ?"

"ಮುಂಚಿನ ದಿನಾನೇ ಗೊತ್ತಿತ್ತು."

"ನಾನು ಕೇಳುದ್ನಲ್ಲಕ್ಕ... ಎಲ್ಲಾ ನೋಡ್ದಾ ಅಂತ."

"ಕೇಳ್ದೆ."

"ಮತ್ಯಾಕೆ ಹೇಳ್ನಿಲ್ಲ?"

ಈ ಪ್ರಶ್ನೆಗೆ ಎಷ್ಟೋ ವರ್ಷದಿಂದ ಉತ್ತರ ಜೋಡಿಸಿಕೊಂಡಿದ್ದೆ. ಚಿಕ್ಕ ವಯಸ್ಸು, ಭಯ, ಅವ್ವನ ಮಾತು, ಮೇಷ್ಟ್ರ ಮಾತು. ಅವಳ ಮುಖ ನೋಡಿದ ಮೇಲೆ ಅದೆಲ್ಲ ಪಕ್ಕಕ್ಕಿಟ್ಟೆ.

"ಒಟ್ಟೆಕಿಚ್ಚಿಗೆ ಕಣೆ" ಅಂದೆ. "ನೀನು ಬೀಳಲಿ ಅಂತಾನೇ ಸುಮ್ಕಿದ್ದೆ. ಬಿದ್ದ ಮೇಲೆ ನೀನೇ ಎದ್ರುದೆ ಅಂತ ಎಲ್ಲಾರೂ ಅನ್ನುವಾಗ್ಲೂ ಸುಮ್ಕಿದ್ದೆ. ನೀನು ಎದ್ರುಪುಕ್ಲಿ ಅಲ್ಲ ಕಣವ್ವ, ಯಾವತ್ತೂ ಆಗಿರ್ನಿಲ್ಲ. ತೆಪ್ಪಾಯ್ತು ಶೋಭಾ. ನನ್ನಿಂದ ತೆಪ್ಪಾಯ್ತು."